ಮನೆಯ ಸಮ್ರಾಜ್ಞಿಯೂ ಊರಿನ ಅಧ್ಯಕ್ಷೆಯೂ

ವಿವಾಹಕಾಲದಲ್ಲಿ ವಧುವನ್ನು ಹರಸುವ ಋಗ್ವೇದದ ಮಂತ್ರವೊಂದು ಅವಳು ಅತ್ತೆಮಾವಂದಿರ ಮನೆಯಲ್ಲಿ ‘ಸಮ್ರಾಜ್ಞಿ’ಯಾಗಲೆಂದು ಹಾರೈಸುವುದು. ನಾವೆಲ್ಲರೂ ಆ ಮಂತ್ರವನ್ನು ಕೇಳಿ ಅಕ್ಷತೆಯನ್ನು ಹಾಕುವವರೇ. ಆದರೆ ಅಕ್ಷತೆಯ ಅರಿಸಿನವು ಕೈಯಿಂದ ಹೋಗುವುದರೊಳಗಾಗಿ ಆ ಶಬ್ದವನ್ನು ಮರೆತುಬಿಡುವೆವು. ಹತ್ತು ಜನರ ಸಂಸಾರವನ್ನು ತೂಗಿಸಿಕೊಂಡು ಹೋಗುವ ಗೃಹಿಣಿಯನ್ನು ನೋಡಿ, ಊರಿನ ಸಭೆಯಲ್ಲಿ ಕುಳಿತು ನಾಲ್ಕು ಮಾತನಾಡಲು ಅವಳಿಗೆ ತಿಳಿಯದೆಂದು ನಿಶ್ಚಯಿಸುವ ನಮ್ಮ ನ್ಯಾಯವು ವಿಚಿತ್ರವಾದುದಲ್ಲವೆ?

ಪರರ ದೋಷವನ್ನು ಎಣಿಸುವ ಮೊದಲು ನನ್ನ ದೋಷವನ್ನು ಒಪ್ಪಿಕೊಳ್ಳುವುದು ಯುಕ್ತ. ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಉಪಾಧ್ಯಾಯನಾಗಿದ್ದ ನಾನು ಪ್ರತಿವರ್ಷವೂ ತರಗತಿಗೆ ನಾಯಕನನ್ನು ಆರಿಸುತ್ತಿದ್ದೆನು. ಯಾವಾಗಲೂ ಹುಡುಗನನ್ನೇ. ಶಾರದಾಪೂಜೆಯ ದಿನ ರಂಗವಲ್ಲಿ ಹಾಕುವುದೂ ಅತಿಥಿಗಳಿಗೆ ಹೂವು ಕೊಡುವುದೂ ಹುಡುಗಿಯರ ಪಾಲಿಗೆ. ಸ್ವಾಗತ ಭಾಷಣವೂ ವಂದನಾರ್ಪಣೆಯೂ ಹುಡುಗರ ಪಾಲಿಗೆ. ಇದರಲ್ಲಿ ಅನ್ಯಾಯವೇನಾದರೂ ಉಂಟೆಂದು ನನಗೆ ಒಂದು ದಿನವೂ ತೋರಲಿಲ್ಲ.

ನಿವೃತ್ತನಾದ ಮೇಲೆ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಅವಳು ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಿದ್ದಳು. ನಾನು ಸಂತೋಷದಿಂದ ಹರಸಿದೆನು. ಅವಳು ನಮಸ್ಕರಿಸಿ ಎದ್ದು, “ಮೇಷ್ಟ್ರೇ, ಮೊದಲನೆಯ ಸಭೆಯಲ್ಲಿ ಮಾತನಾಡಲು ಎದ್ದಾಗ ನನ್ನ ಕಾಲು ನಡುಗಿತು. ನಮ್ಮ ಯಜಮಾನರೇ ಎದ್ದು ನನ್ನ ಪರವಾಗಿ ಮಾತನಾಡಿಬಿಟ್ಟರು. ಶಾಲೆಯಲ್ಲಿ ತಾವು ಒಂದು ಸಲವಾದರೂ ನನ್ನನ್ನು ನಿಲ್ಲಿಸಿ ಮಾತನಾಡಿಸಿದ್ದರೆ ಚೆನ್ನಾಗಿತ್ತು” ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದಲೇ ಆ ಮಾತು ನನ್ನ ಮನಸ್ಸನ್ನು ಹೆಚ್ಚಾಗಿ ಚುಚ್ಚಿತು.

ಸ್ತ್ರೀಯರು ಆಡಳಿತ ಮಾಡುವುದು ನಮ್ಮ ನಾಡಿಗೆ ಹೊಸತೆಂದು ಕೆಲವರು ಹೇಳುವರು. ಅದು ಸತ್ಯವಲ್ಲ. ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ಜಕ್ಕಿಯಬ್ಬೆ ಎಂಬವಳ ಕಥೆಯನ್ನು ಹೇಳುವುದು. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. ೯೧೧ರ ಸುಮಾರಿನಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಅವಳ ಪತಿಯು ಮರಣಹೊಂದಲು, ಆ ಅಧಿಕಾರವನ್ನು ಅವಳಿಗೆ ಕೊಡಲಾಯಿತು. ಅವಳು ಸಮರ್ಥಳಾಗಿ ಆಳಿ, ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಣಿಕೆಯ ತೀರ್ಥದಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಸಾವಿರದ ನೂರು ವರ್ಷಗಳ ಹಿಂದೆ ತಾಯಿಯಿಂದ ಮಗಳಿಗೆ ಬಂದ ಅಧಿಕಾರವು ಇಂದು ಹೊಸತಾಗುವುದೆಂತು?

ಕಾನೂನಿನ ವಿಷಯದಲ್ಲಿಯೂ ಕರ್ಣಾಟಕವು ಹಿಂದುಳಿದಿಲ್ಲ. ೧೯೮೩ರ ಪಂಚಾಯತಿ ಕಾಯಿದೆಯು ಸ್ತ್ರೀಯರಿಗೆ ಕಾಲುಭಾಗದ ಸ್ಥಾನಗಳನ್ನು ಮೀಸಲಿಟ್ಟಿತು. ೧೯೮೭ರಲ್ಲಿ ಅದರಂತೆ ಚುನಾವಣೆ ನಡೆಯಿತು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರನೆಯ ಒಂದು ಭಾಗವನ್ನು ವಿಧಿಸಿತು. ೨೦೧೦ರಲ್ಲಿ ನಮ್ಮ ರಾಜ್ಯವು ಆ ಪಾಲನ್ನು ಅರ್ಧಕ್ಕೆ ಏರಿಸಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಕೊಡುವ ತಿದ್ದುಪಡಿಯು ೨೦೨೩ರಲ್ಲಿ ಅಂಗೀಕೃತವಾಗಿ, ಜನಗಣತಿಯೂ ಕ್ಷೇತ್ರಗಳ ಪುನರ್ವಿಂಗಡಣೆಯೂ ಮುಗಿದ ಬಳಿಕ ಜಾರಿಯಾಗತಕ್ಕುದೆಂದು ಗೊತ್ತುಮಾಡಿತು.

ಕಾನೂನು ಕುರ್ಚಿಯನ್ನು ಕೊಡಬಲ್ಲುದು. ಕುರ್ಚಿಯಲ್ಲಿ ಕುಳಿತವಳಿಗೆ ಧೈರ್ಯವನ್ನು ಕೊಡಬೇಕಾದವರು ಮನೆಯವರು. ಅನೇಕ ಊರುಗಳಲ್ಲಿ ಹೆಸರು ಹೆಂಡತಿಯದು, ಅಧಿಕಾರ ಗಂಡನದು. ಸಭೆಯ ನಡವಳಿ ಪುಸ್ತಕವನ್ನು ಅಡಿಗೆಮನೆಯ ಬಾಗಿಲಿಗೆ ತಂದು, “ಇಲ್ಲೊಂದು ರುಜು ಹಾಕು” ಎನ್ನುವುದೂ ಉಂಟು. ಓದದೆ ಹಾಕಿದ ರುಜುವಿಗೆ ಹೊಣೆಯಾಗುವವಳು ಅವಳೇ ಎಂಬುದನ್ನು ಪತಿಮಹಾಶಯನು ಆಲೋಚಿಸುವುದಿಲ್ಲ. ನಾಳೆ ಲೆಕ್ಕ ತಪ್ಪಿದರೆ ನೋಟೀಸು ಬರುವುದು ಯಾರ ಹೆಸರಿಗೆ?

“ಅವಳಿಗೆ ಅನುಭವವಿಲ್ಲ” ಎಂದು ನೀವು ಹೇಳಬಹುದು. ನೀರಿಗೆ ಇಳಿಯದೆ ಈಜು ಕಲಿತವನನ್ನು ನಾನು ಕಂಡಿಲ್ಲ. ಅನುಭವವುಳ್ಳವರೆಂಬ ಗಂಡಸರೂ ಮೊದಲ ದಿನ ಏನನ್ನೂ ಅರಿಯದವರೇ. ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಎಂಬ ವಿದ್ವಾಂಸರು ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯತಿಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ತ್ರೀಯರು ಅಧ್ಯಕ್ಷರಾದ ಕಡೆಗಳಲ್ಲಿ ಕುಡಿಯುವ ನೀರಿಗಾಗಿ ಹೆಚ್ಚು ಕೆಲಸಗಳು ನಡೆದುವೆಂದು ತೋರಿಸಿದರು. ಕೊಡ ಹೊತ್ತವಳಿಗೆ ಬಾವಿಯ ದೂರವು ತಿಳಿದಿರುವುದಷ್ಟೆ! ಡುಫ್ಲೋ ಮತ್ತು ಸಂಗಡಿಗರು ಬಂಗಾಳದ ಸುಮಾರು ೫೦೦ ಗ್ರಾಮಗಳನ್ನು ನೋಡಿ ೨೦೧೨ರಲ್ಲಿ ಪ್ರಕಟಿಸಿದ ವಿಷಯವು ಇನ್ನೂ ಹೃದ್ಯವಾದುದು. ಎರಡು ಅವಧಿಗಳಲ್ಲಿ ಸ್ತ್ರೀಗೆ ಅಧ್ಯಕ್ಷ ಸ್ಥಾನವು ಮೀಸಲಾಗಿದ್ದ ಊರುಗಳಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ತಾಯಿತಂದೆಗಳ ಆಸೆಯು ಹಿರಿದಾಯಿತು; ವಿದ್ಯೆಯಲ್ಲಿ ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರವು ಅಳಿಸಿಹೋಯಿತು. ಒಬ್ಬಳು ಕುರ್ಚಿಯಲ್ಲಿ ಕುಳಿತುದನ್ನು ನೋಡಿ ನೂರು ಬಾಲಿಕೆಯರು ತಲೆಯೆತ್ತಿದರೆಂದಾಯಿತು.

ಹಾಗಾದರೆ ಗೃಹಸ್ಥನು ಮಾಡತಕ್ಕುದೇನು? ಸಭೆಯ ದಿನ ಅಡಿಗೆಯ ಕೆಲಸವನ್ನೂ ಮಕ್ಕಳ ಆರೈಕೆಯನ್ನೂ ಅವನು ವಹಿಸಿಕೊಳ್ಳಲಿ. ಸಭೆಗೆ ಜೊತೆಯಲ್ಲಿ ಹೋದರೆ ಬಾಗಿಲ ಹೊರಗೇ ನಿಲ್ಲಲಿ. ಹಿಂದಿನ ರಾತ್ರಿ ಆಯವ್ಯಯದ ಲೆಕ್ಕವನ್ನು ಇಬ್ಬರೂ ಕೂಡಿ ಓದಲಿ. ತೀರ್ಮಾನವನ್ನು ಅವಳಿಗೇ ಬಿಡಲಿ. ಅತ್ತೆಯಾದವಳು “ಹೊಸಲು ದಾಟಿದಳು” ಎನ್ನದೆ, “ಹೋಗಿ ಬಾ ತಾಯಿ” ಎನ್ನಲಿ. ಹಾಲಿನ ಸಂಘವಾಗಲಿ, ಸ್ತ್ರೀಶಕ್ತಿ ಸಂಘವಾಗಲಿ, ಶಾಲೆಯ ಸಮಿತಿಯಾಗಲಿ, ಚಿಕ್ಕ ಸಭೆಯಲ್ಲಿ ಮಾತನಾಡಿ ಪಳಗಿದವಳಿಗೆ ದೊಡ್ಡ ಸಭೆಯ ಅಂಜಿಕೆಯಿರದು.

ಪ್ರೋತ್ಸಾಹದ ಒಂದು ಮಾತು ಎಷ್ಟು ದೂರ ಹೋಗುವುದೆಂಬುದಕ್ಕೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೇ ಸಾಕ್ಷಿ. ೧೯೨೬ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೇರಣೆಯಿಂದ ಆಕೆ ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಆಗ ಆಕೆಗೆ ಇಪ್ಪತ್ತಮೂರು ವರ್ಷ. ಅಲ್ಪ ಮತಗಳಿಂದ ಸೋತರೂ ಕುಗ್ಗಲಿಲ್ಲ. ಮರುವರ್ಷವೇ ಅಖಿಲ ಭಾರತ ಮಹಿಳಾ ಪರಿಷತ್ತಿನ ಕಾರ್ಯಭಾರವನ್ನು ಹೊತ್ತರು. ಸೋತವಳನ್ನು ಮನೆಗೆ ಕಳುಹಿಸದೆ ಮತ್ತೊಂದು ಕೆಲಸಕ್ಕೆ ಕರೆಯುವುದೂ ಪ್ರೋತ್ಸಾಹವೇ.

ನನ್ನ ಶಿಷ್ಯೆಯು ಆಮೇಲೆ ಮತ್ತೊಮ್ಮೆ ಬಂದಿದ್ದಳು. ಎರಡನೆಯ ಸಭೆಗೆ ಪತಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿದ್ದಳಂತೆ. “ಕಾಲು ಆಗಲೂ ನಡುಗಿತು, ಮೇಷ್ಟ್ರೇ, ಆದರೆ ಮಾತು ನಿಲ್ಲಲಿಲ್ಲ” ಎಂದಳು. ಈಗ ಮನೆಗೆ ಪಾಠಕ್ಕೆ ಬರುವ ಮಕ್ಕಳಲ್ಲಿ ನಾನು ಮೊದಲು ಹುಡುಗಿಯರನ್ನೇ ಎಬ್ಬಿಸಿ ಮಾತನಾಡಿಸುವೆನು. ತಡವಾಗಿ ಕಲಿತ ಪಾಠವಿದು. ವಾಚಕರು ನನ್ನಷ್ಟು ತಡಮಾಡದಿರಲೆಂಬುದೇ ನನ್ನ ಬಿನ್ನಹ.