ಗಣಕಸೂಚಿಗಳಿಗೆ ಸಾಧನಗಳ ಆಯ್ಕೆ: ಡೂಮ್ಸ್‌ಡೇ ಯೋಜನೆಯ ನಿದರ್ಶನ

ಶಾಸನ, ಹಸ್ತಪ್ರತಿ, ಕಡತಗಳ ಸೂಚಿಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ಕಾರ್ಯವನ್ನು ಇತಿಹಾಸ ವಿಭಾಗಗಳು ಇಂದು ಕೈಗೊಳ್ಳುತ್ತಿವೆ. ಯಾವ ಯಂತ್ರ, ಯಾವ ಪ್ರೋಗ್ರಾಮಿಂಗ್ ಭಾಷೆ, ಯಾವ ದತ್ತಸಂಚಯ ಎಂಬುದು ಅಲ್ಲಿ ಮೊದಲು ಏಳುವ ಪ್ರಶ್ನೆ. ಇವು ಒಂದರ ಮೇಲೊಂದು ನಿಲ್ಲುವ ಪದರಗಳಾದುದರಿಂದ ತಂತ್ರಜ್ಞರು ಇವನ್ನು ಒಟ್ಟಾಗಿ ಸ್ಟ್ಯಾಕ್ ಎಂದು ಕರೆಯುತ್ತಾರೆ. ಈ ಆಯ್ಕೆಯನ್ನು ಅವರಿಗೇ ಬಿಟ್ಟು ಸುಮ್ಮನಿರುವುದು ಇತಿಹಾಸಕಾರನಿಗೆ ತಕ್ಕದ್ದಲ್ಲವೆಂಬುದನ್ನು ಇಂಗ್ಲೆಂಡಿನ ಒಂದು ನಿದರ್ಶನದಿಂದ ತಿಳಿಯಬಹುದು.

ವಿಜಯಿ ವಿಲಿಯಂ ದೊರೆಯ ಆಜ್ಞೆಯಂತೆ 1086ರಲ್ಲಿ ನಡೆದ ಭೂಹಿಡುವಳಿಗಳ ವಿಚಾರಣೆಯ ಫಲವೇ ಡೂಮ್ಸ್‌ಡೇ ಗ್ರಂಥ. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ಬಿ.ಬಿ.ಸಿ. ಸಂಸ್ಥೆಯು 1986ರಲ್ಲಿ ಹೊಸದೊಂದು ಡೂಮ್ಸ್‌ಡೇಯನ್ನು ಹೊರತಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಶಾಲಾಬಾಲಕರು, ತಂತಮ್ಮ ಊರುಗಳ ವರ್ಣನೆಯನ್ನೂ ಛಾಯಾಚಿತ್ರಗಳನ್ನೂ ಒದಗಿಸಿದರು. ಇವೆಲ್ಲವನ್ನೂ ಫಿಲಿಪ್ಸ್ ಸಂಸ್ಥೆಯ ವಿಶೇಷ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಓದಲು ಅದಕ್ಕೆಂದೇ ರಚಿತವಾದ ಪ್ಲೇಯರೂ ಅದಕ್ಕೆ ಹೊಂದುವ ಗಣಕವೂ ಬೇಕು. ಬೆಲೆ ಸುಮಾರು 5000 ಪೌಂಡು. ಬರೆದುಕೊಟ್ಟ ಮಕ್ಕಳ ಶಾಲೆಗಳೇ ಅದನ್ನು ಕೊಳ್ಳಲಾರದೆ ಹೋದವು.

ಆಯ್ಕೆ ಮಾಡಿದವರು ಅವಿವೇಕಿಗಳೆಂದು ಭಾವಿಸಲಾಗದು. ಬೇರೆ ಯಂತ್ರಗಳಿಗೂ ಸಾಗಿಸಲು ಅನುಕೂಲವಾಗಲೆಂದೇ ಅವರು ತಂತ್ರಾಂಶವನ್ನು ಬಿ.ಸಿ.ಪಿ.ಎಲ್. ಭಾಷೆಯಲ್ಲಿ ಬರೆಸಿದ್ದರು. ಆದರೆ ಆ ಭಾಷೆ ಹಿಂದೆ ಬಿದ್ದಿತು; ತಟ್ಟೆಯ ಜಾತಿಯೂ ನಿಂತುಹೋಯಿತು. ಮೇಲಿನ ಪದರದಲ್ಲಿ ತೋರಿದ ದೂರದೃಷ್ಟಿಯು ಕೆಳಗಿನ ಪದರ ಕುಸಿದಾಗ ಪ್ರಯೋಜನಕ್ಕೆ ಬರಲಿಲ್ಲ. 2002ರ ವೇಳೆಗೆ, ಹಳೆಯ ಯಂತ್ರದ ವರ್ತನೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ತಂತ್ರಾಂಶವನ್ನು ಸಂಶೋಧಕರು ರಚಿಸಬೇಕಾಯಿತು. 2011ರಲ್ಲಿ ಅಂತರಜಾಲದಲ್ಲಿ ಪ್ರಕಟವಾದ ಭಾಗವೂ 2018ರಲ್ಲಿ ಮುಚ್ಚಿತು. ಚರ್ಮಪತ್ರದ ಗ್ರಂಥವನ್ನಾದರೋ ಲ್ಯಾಟಿನ್ ಬಲ್ಲವರು ಈಗಲೂ ಓದುತ್ತಿದ್ದಾರೆ. (1886ರಲ್ಲಿ ರೈಸ್ ಸಾಹೇಬರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಕದ ಸಂಪುಟಗಳಿಗೂ ಕನ್ನಡಕವೊಂದು ಸಾಕು.)

ಯಂತ್ರ, ತಂತ್ರಾಂಶ, ದತ್ತಾಂಶ ಇವುಗಳ ಆಯುಷ್ಯ ಸಮವಲ್ಲ. ಸಾಮಗ್ರಿಯು ಯಂತ್ರಕ್ಕಿಂತ ಬಹುಕಾಲ ಬಾಳಬೇಕು. ಆದುದರಿಂದ ಅಕ್ಷರಸಂಕೇತವನ್ನೂ ಕಡತದ ಸ್ವರೂಪವನ್ನೂ ಮೊದಲು ನಿರ್ಧರಿಸಿ, ಪ್ರೋಗ್ರಾಮಿಂಗ್ ಭಾಷೆಯನ್ನು ಕೊನೆಗೆ ಆರಿಸುವುದು ಲೇಸು. ಆ ಭಾಷೆ ವಿಭಾಗದಲ್ಲಿ ಇಬ್ಬರಿಗಾದರೂ ತಿಳಿದಿದ್ದರೆ ಸಾಕು, ನವೀನವಾಗಿರಬೇಕೆಂಬ ನಿಯಮವಿಲ್ಲ. ದತ್ತಸಂಚಯದ ವಿಷಯದಲ್ಲಿ, ಸ್ವರೂಪವನ್ನು ಬಹಿರಂಗವಾಗಿ ವಿವರಿಸಿರುವ ಎಸ್‌ಕ್ಯೂಲೈಟ್‌ನಂತಹುದು ಸಾಧಾರಣ ಸೂಚಿಗೆ ಧಾರಾಳವಾಗಿ ಒದಗುತ್ತದೆ.

ಕನ್ನಡದ ಮಟ್ಟಿಗೆ ತೊಡಕಿರುವುದು ಅಕ್ಷರಸಂಕೇತದಲ್ಲಿ. ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು; ಫಾಂಟು ಇಲ್ಲದ ಯಂತ್ರದಲ್ಲಿ ಶಾಸನಪಾಠವು ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್‌ನಲ್ಲಿ ಹಳಗನ್ನಡದ ಱ, ೞ ಎರಡಕ್ಕೂ ಪ್ರತ್ಯೇಕ ಸ್ಥಾನಗಳಿವೆ. ೞಕಾರಕ್ಕೆ ಅಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ! ವಿನೋದವೆನಿಸಿದರೂ ಇಂಥ ಹಟವೇ ನಮಗೆ ಬೇಕಾದ ಗುಣ. ಯಾವುದೇ ತಂತ್ರಾಂಶವನ್ನು ಒಪ್ಪುವ ಮುನ್ನ ಈ ಎರಡು ಅಕ್ಷರಗಳಿರುವ ಶಾಸನದ ಸಾಲೊಂದನ್ನು ಅದರಲ್ಲಿ ಸೇರಿಸಿ, ಹುಡುಕಿ, ಅಕಾರಾದಿಯಾಗಿ ಜೋಡಿಸಿ, ಸರಳ ಪಠ್ಯವಾಗಿ ಹೊರತೆಗೆದು ಬೇರೊಂದು ಗಣಕದಲ್ಲಿ ತೆರೆದು ನೋಡತಕ್ಕದ್ದು.