ಕೆರೆ ಪಕ್ಕದ ಅಪಾರ್ಟ್‌ಮೆಂಟ್: ಸೌಕರ್ಯ ಎಲ್ಲರದು, ನೋಡಿಕೊಳ್ಳುವುದು ಹೇಗೆ?

ಬೆಳ್ಳಂದೂರು, ವರ್ತೂರು, ಕೈಕೊಂಡ್ರಹಳ್ಳಿ, ಜಕ್ಕೂರು, ಪುಟ್ಟೇನಹಳ್ಳಿ. ಬೆಂಗಳೂರಿನ ಯಾವ ಕೆರೆಯ ಸುತ್ತ ನೋಡಿದರೂ ಈಗ ಅಪಾರ್ಟ್‌ಮೆಂಟುಗಳಿವೆ. ಬಾಲ್ಕನಿಯಿಂದ ನೀರು ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ಕೊಟ್ಟು ಮನೆ ಕೊಂಡವರಿದ್ದಾರೆ. ಮನೆಯ ಜೊತೆಗೆ ಈಜುಕೊಳ, ಕ್ಲಬ್‌ಹೌಸ್, ಲಿಫ್ಟ್, ಜನರೇಟರ್, ಉದ್ಯಾನ, ಎಸ್‌ಟಿಪಿ ಎಂಬ ಕೊಳಚೆನೀರು ಶುದ್ಧೀಕರಣ ಘಟಕ ಎಲ್ಲವೂ ಬರುತ್ತವೆ. ಬಿಲ್ಡರ್ ಇವನ್ನೆಲ್ಲ ಒಪ್ಪಿಸಿ ಹೋದ ಮೇಲೆ ನಡೆಸಿಕೊಂಡು ಹೋಗಬೇಕಾದದ್ದು ಮಾಲೀಕರ ಸಂಘ. ನೀವು ಈಗಷ್ಟೇ ಸಂಘದ ಸಮಿತಿಗೆ ಬಂದಿದ್ದರೆ, ಅಥವಾ ತಿಂಗಳು ತಿಂಗಳು ಕಟ್ಟುವ ಮೇಂಟೆನೆನ್ಸ್ ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕೆನಿಸಿದ್ದರೆ, ಮುಂದೆ ಓದಿ.

ಮೊದಲು ಯಾವುದು ನಮ್ಮದು, ಯಾವುದು ಅಲ್ಲ ಎಂಬುದನ್ನು ನೋಡೋಣ. ನಿಮ್ಮ ಫ್ಲ್ಯಾಟಿನ ಗೋಡೆಯ ಒಳಗಿನದು ನಿಮ್ಮದು. ಮೆಟ್ಟಿಲು, ತಾರಸಿ, ಸಂಪ್, ಲಿಫ್ಟ್, ಈಜುಕೊಳ ಇವು ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಜಾಗ. ಅದರಲ್ಲಿ ನಿಮಗೆ ಇರುವುದು ಅವಿಭಜಿತ ಪಾಲು, ಅಂದರೆ ಬಿಡಿಸಿ ಬೇರೆ ಮಾಡಲಾಗದ ಹಂಚಿಕೆ. ನಿಮ್ಮ ಕ್ರಯಪತ್ರದಲ್ಲಿ ಇದರ ಪ್ರಮಾಣ ಬರೆದಿರುತ್ತದೆ. ಕೆರೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಸರ್ಕಾರಿ ಆಸ್ತಿ. ಕೆರೆಯತ್ತ ಗೇಟು ಇಟ್ಟುಕೊಳ್ಳುವುದಕ್ಕಾಗಲಿ, ದಂಡೆಯಲ್ಲಿ ಸ್ವಂತ ಉದ್ಯಾನ ಮಾಡಿಕೊಳ್ಳುವುದಕ್ಕಾಗಲಿ ಸಂಘಕ್ಕೆ ಹಕ್ಕಿಲ್ಲ. ಬೆಂಗಳೂರಿನ 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಜಾಗವನ್ನು ಮೀಸಲಿಟ್ಟಿತು. ಇದನ್ನು 75 ಮೀಟರ್‌ಗೆ ಏರಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಕಾಂಪೌಂಡು ಮಂಜೂರಾದ ನಕ್ಷೆಯ ಗೆರೆಯ ಮೇಲೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಗೋಡೆ ಮುಂದೆ ಸರಿದಿದ್ದರೆ ಅದರ ತಲೆನೋವು ಬಿಲ್ಡರ್‌ಗೆ ಅಲ್ಲ, ನಿಮಗೆ.

ಸಂಘ ಎಂದರೆ ಹತ್ತು ಜನ ಸೇರಿ ಮಾಡಿಕೊಂಡ ವಾಟ್ಸ್ಯಾಪ್ ಗುಂಪಲ್ಲ. ಮನೆಗಳಷ್ಟೇ ಇರುವ ಸಮುಚ್ಚಯಕ್ಕೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅದರಡಿ ‘ಡೀಡ್ ಆಫ್ ಡಿಕ್ಲರೇಷನ್’ ಎಂಬ ಘೋಷಣಾ ಪತ್ರವನ್ನು ಬೈಲಾ ಸಮೇತ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಬೈಲಾ ಎಂದರೆ ಸಂಘದ ಒಳನಿಯಮಗಳು. ಹಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. ಆ ಕಾಯ್ದೆ ಹುಟ್ಟಿದ್ದು ಸಾಹಿತ್ಯ, ಕಲೆ, ದಾನಧರ್ಮದ ಸಂಸ್ಥೆಗಳಿಗಾಗಿ. ಆಸ್ತಿ ನಿರ್ವಹಣೆಗೆ ಅದು ಹೊಂದುವ ಅಂಗಿಯಲ್ಲ. ನಿಮ್ಮದು ಹಾಗಿದ್ದರೆ ಒಬ್ಬ ವಕೀಲರನ್ನು ಕೇಳಿ ಸರಿಪಡಿಸಿಕೊಳ್ಳಿ.

ಈಗ ಎಲ್ಲ ಸಭೆಗಳಲ್ಲೂ ಏಳುವ ಪ್ರಶ್ನೆ. “ನಾನು ಈಜುಕೊಳಕ್ಕೆ ಇಳಿಯುವುದೇ ಇಲ್ಲ, ಅದಕ್ಕೆ ನಾನೇಕೆ ದುಡ್ಡು ಕೊಡಬೇಕು?” ನೆಲಮಹಡಿಯವರು ಲಿಫ್ಟಿನ ಬಗ್ಗೆ ಹೀಗೇ ಕೇಳುತ್ತಾರೆ. 1972ರ ಕಾಯ್ದೆಯ ಉತ್ತರ ಸ್ಪಷ್ಟವಾಗಿದೆ. ಬಳಸುವುದಿಲ್ಲ ಎಂದ ಮಾತ್ರಕ್ಕೆ ಸಾಮಾನ್ಯ ಖರ್ಚಿನ ಪಾಲಿನಿಂದ ಯಾರೂ ಬಿಡಿಸಿಕೊಳ್ಳುವಂತಿಲ್ಲ. ಕಟ್ಟದ ಬಾಕಿ ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ. ಆದರೂ ಕೇಳಿದವರಿಗೆ ಕಾಯ್ದೆ ತೋರಿಸಿ ಬಾಯಿ ಮುಚ್ಚಿಸುವುದಕ್ಕಿಂತ ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು ಲೇಸು.

ಖರ್ಚಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. 100 ಮನೆಗಳಿವೆ, ಪ್ರತಿಯೊಂದೂ 1,500 ಚದರಡಿ ಎಂದುಕೊಳ್ಳಿ. ಚದರಡಿಗೆ 4 ರೂಪಾಯಿಯಂತೆ ವಸೂಲಿ ಮಾಡಿದರೆ ಮನೆಗೆ ತಿಂಗಳಿಗೆ 6,000 ರೂಪಾಯಿ, ಸಂಘಕ್ಕೆ 6 ಲಕ್ಷ. ಇಲ್ಲಿ ಜಿಎಸ್‌ಟಿಯ ಒಂದು ಗೆರೆ ನೆನಪಿರಲಿ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯೊಂದರ ತಿಂಗಳ ವಂತಿಗೆಯೂ 7,500 ರೂಪಾಯಿ ದಾಟಿದರೆ ಶೇ 18ರ ತೆರಿಗೆ ಬೀಳುತ್ತದೆ. ಆದ್ದರಿಂದ ದರ ಏರಿಸುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ಇದಲ್ಲದೆ ಸಿಂಕಿಂಗ್ ಫಂಡ್ ಎಂಬ ಆಪದ್ಧನ ಬೇರೆಯೇ ಖಾತೆಯಲ್ಲಿರಬೇಕು. ಲಿಫ್ಟ್ ಬದಲಿಸುವುದು, ಕಟ್ಟಡಕ್ಕೆ ಬಣ್ಣ ಹೊಡೆಸುವುದು ಇಂಥ ದೊಡ್ಡ ಕೆಲಸಗಳಿಗೆ ಅದು. ದಿನದ ಖರ್ಚಿಗೆ ಅದನ್ನು ಮುಟ್ಟಲು ಬಿಡಬೇಡಿ.

ಇನ್ನು ಎಸ್‌ಟಿಪಿ. ಸೌಕರ್ಯಗಳ ಪಟ್ಟಿಯಲ್ಲಿ ಇದು ಕೊನೆಗೆ ಬರುತ್ತದೆ. ಕೆರೆ ಪಕ್ಕದಲ್ಲಿರುವವರು ಇದನ್ನು ಮೊದಲಿಗೆ ಬರೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈಜುಕೊಳ ಕೆಟ್ಟರೆ ಒಂದು ಬೇಸಿಗೆ ಮಕ್ಕಳಿಗೆ ಬೇಜಾರು. ಎಸ್‌ಟಿಪಿ ಕೆಟ್ಟರೆ ಆ ನೀರು ರಾಜಕಾಲುವೆ ಸೇರಿ ನೇರ ಕೆರೆಗೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, ಕೆರೆಗೇ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿಗೆ ಹೋಗಿದ್ದು ನಮ್ಮ ನಮ್ಮ ಮನೆಗಳ ಬಚ್ಚಲ ನೀರೇ.

ಈ ಘಟಕ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರಿ ಮಾನದಂಡ. 100 ಮನೆ, ಮನೆಗೆ ನಾಲ್ವರು ಎಂದರೆ 54,000 ಲೀಟರ್. ಇದರಲ್ಲಿ ಶೇ 80ರಷ್ಟು, ಅಂದರೆ ಸುಮಾರು 43,000 ಲೀಟರ್, ಕೊಳಚೆಯಾಗಿ ಕೆಳಗಿಳಿಯುತ್ತದೆ. ಮೊದಲು ಒಂದು ಜಾಲರಿ ಕಸಕಡ್ಡಿಯನ್ನು ತಡೆಯುತ್ತದೆ. ಆಮೇಲೆ ನೀರು ಒಂದು ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಂದ ಗಾಳಿ ಊದುವ ತೊಟ್ಟಿಗೆ. ಘಟಕದ ಜೀವ ಇರುವುದು ಇಲ್ಲಿ. ಬ್ಲೋವರ್ ಎಂಬ ಯಂತ್ರ ತಳದಿಂದ ಗಾಳಿ ಊದುತ್ತದೆ. ಆ ಗಾಳಿಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ. ಮುಂದಿನ ತೊಟ್ಟಿಯಲ್ಲಿ ಕೆಸರು ತಳಕ್ಕೆ ಕೂರುತ್ತದೆ. ಅದರಲ್ಲಿ ಒಂದಷ್ಟನ್ನು ಮತ್ತೆ ಗಾಳಿ ತೊಟ್ಟಿಗೆ ಕಳಿಸುತ್ತಾರೆ, ಏಕೆಂದರೆ ಬ್ಯಾಕ್ಟೀರಿಯಾಗಳು ಇರುವುದು ಅದರಲ್ಲೇ. ಮೇಲಿನ ತಿಳಿನೀರು ಮರಳು ಮತ್ತು ಇದ್ದಿಲಿನ ಫಿಲ್ಟರ್ ದಾಟಿ, ಕ್ಲೋರಿನ್ ಸೇರಿ, ಫ್ಲಶ್ ತೊಟ್ಟಿಗೆ ಹೋಗುತ್ತದೆ.

ಘಟಕ ಸರಿಯಾಗಿದೆಯೇ ಎಂದು ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ. ಗಾಳಿ ತೊಟ್ಟಿಯ ನೀರು ಕಂದು ಬಣ್ಣದ್ದಾಗಿದ್ದು ಮಣ್ಣಿನ ವಾಸನೆ ಬರುತ್ತಿದ್ದರೆ ಚೆನ್ನಾಗಿದೆ. ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಬಿಳಿ ನೊರೆ ಉಕ್ಕುತ್ತಿದ್ದರೆ ಬ್ಯಾಕ್ಟೀರಿಯಾ ಕಡಿಮೆ ಇರಬಹುದು, ಅಥವಾ ಸೋಪು ಹೆಚ್ಚಾಗಿರಬಹುದು. ಇನ್ನೊಂದು ಸುಲಭ ಪರೀಕ್ಷೆ ಇದೆ. ಆ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಜಾಡಿಗೆ ತುಂಬಿಸಿ ಅರ್ಧ ಗಂಟೆ ಅಲುಗಿಸದೆ ಇಡಲು ನಿರ್ವಾಹಕರಿಗೆ ಹೇಳಿ. ಕೆಸರು ಜಾಡಿಯ ಮೂರನೇ ಒಂದು ಭಾಗದಷ್ಟಕ್ಕೆ ಕುಳಿತು ಮೇಲೆ ತಿಳಿನೀರು ನಿಂತರೆ ಒಳ್ಳೆಯದು. ಇದರ ಜೊತೆ ತಿಂಗಳಿಗೊಮ್ಮೆ ಪ್ರಯೋಗಾಲಯದ ವರದಿ ಬೇಕು. ಅದರಲ್ಲಿ ಬಿಒಡಿ ಎಂಬ ಅಂಕಿ ನೋಡಿ. ನೀರಿನಲ್ಲಿ ಉಳಿದ ಕೊಳೆಯನ್ನು ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ ಅದು. ಲೀಟರಿಗೆ 10 ಮಿಲಿಗ್ರಾಂ ಒಳಗಿರಬೇಕು. ಪ್ರತಿ ತಿಂಗಳೂ ಒಂದೇ ಅಂಕಿಗಳು ಬರುತ್ತಿದ್ದರೆ ಅನುಮಾನಪಡಿ. ಮಾದರಿ ತೆಗೆಯುವಾಗ ಸಮಿತಿಯ ಒಬ್ಬರು ಪಕ್ಕದಲ್ಲಿ ನಿಲ್ಲಲಿ.

ಹಲವು ಘಟಕಗಳು ಹಾಳಾಗುವುದು ಯಂತ್ರದ ದೋಷದಿಂದಲ್ಲ, ಕರೆಂಟು ಉಳಿಸುವ ಆಸೆಯಿಂದ. ರಾತ್ರಿ ಬ್ಲೋವರ್ ಆರಿಸುತ್ತಾರೆ. ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ. ಬ್ಲೋವರ್‌ಗೆ ತಗಲುವ ಖರ್ಚಾದರೂ ಎಷ್ಟು? 5 ಎಚ್‌ಪಿ ಬ್ಲೋವರ್ ದಿನಕ್ಕೆ 20 ಗಂಟೆ ಓಡಿದರೆ ಸುಮಾರು 74 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಹದಿನೈದೂವರೆ ಸಾವಿರ. ನೂರು ಮನೆಗೆ ಹಂಚಿದರೆ ತಲಾ 155 ರೂಪಾಯಿ. ಇನ್ನೊಂದು ಕಡೆ ನೋಡಿ. ಫ್ಲಶ್‌ಗೆ ಒಬ್ಬರಿಗೆ 45 ಲೀಟರಿನಂತೆ 400 ಜನಕ್ಕೆ ದಿನಕ್ಕೆ 18,000 ಲೀಟರ್ ಬೇಕು. ಶುದ್ಧೀಕರಿಸಿದ ನೀರನ್ನೇ ಅದಕ್ಕೆ ಬಳಸಿದರೆ ದಿನಕ್ಕೆ ಒಂದೂವರೆ ಟ್ಯಾಂಕರ್ ಉಳಿಯಿತು. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ದರ ನಿಗದಿ ಮಾಡಿತ್ತು. ಆ ದರದಲ್ಲೇ ಹಿಡಿದರೂ ತಿಂಗಳಿಗೆ 45,000 ರೂಪಾಯಿ ಉಳಿತಾಯ. ಈ ಲೆಕ್ಕವನ್ನು ಖಜಾಂಚಿಯವರ ಮುಂದಿಡಿ. ಬ್ಲೋವರ್ ಆರಿಸಿ ಎಂದು ಅವರು ಮತ್ತೆ ಹೇಳಲಾರರು.

ಉಳಿದ ನೀರು ತೋಟಕ್ಕೆ, ಕಾರು ತೊಳೆಯಲು ಆಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಶುದ್ಧೀಕರಿಸಿದ ನೀರಿನ ಅರ್ಧದಷ್ಟನ್ನು ಹೊರಗೆ ಮಾರಲು ಅಪಾರ್ಟ್‌ಮೆಂಟುಗಳಿಗೆ ಅವಕಾಶ ಕೊಟ್ಟಿತು. ಹಾಗಾದರೆ ಅದನ್ನೇ ಕೆರೆಗೆ ಬಿಡಬಹುದಲ್ಲ ಎಂದು ನೀವು ಕೇಳಬಹುದು. ಜಕ್ಕೂರು ಕೆರೆಗೆ ಹರಿಯುವುದು ಶುದ್ಧೀಕರಿಸಿದ ನೀರೇ. ಆದರೆ ಅಲ್ಲಿ ಜಲಮಂಡಳಿಯ ದೊಡ್ಡ ಘಟಕವಿದೆ, ಅದರ ನಂತರ ಜೊಂಡು ಬೆಳೆದ ಜೌಗು ಪ್ರದೇಶವಿದೆ. ನೀರು ಇವೆರಡನ್ನೂ ದಾಟಿ ಕೆರೆ ಸೇರುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ನೀವೇ ಒಂದು ಪೈಪ್ ಹಾಕಿಬಿಟ್ಟರೆ ಅದು ಅಪರಾಧ.

ಮನೆಯವರಿಂದಲೂ ಒಂದಷ್ಟು ಸಹಕಾರ ಬೇಕು. ಕರಿದ ಎಣ್ಣೆ, ಆಸಿಡ್, ಅತಿಯಾದ ಫಿನಾಯಿಲ್ ಇವು ಬ್ಯಾಕ್ಟೀರಿಯಾಗಳಿಗೆ ವಿಷ. ಸ್ಯಾನಿಟರಿ ಪ್ಯಾಡ್, ಒದ್ದೆ ಟಿಶ್ಯೂ ಪಂಪನ್ನೇ ಕಟ್ಟಿಹಾಕುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೆಸರು ತೆಗೆಯಲು ಮನುಷ್ಯರನ್ನು ಯಾವ ಕಾರಣಕ್ಕೂ ತೊಟ್ಟಿಯೊಳಗೆ ಇಳಿಸಬೇಡಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಒಬ್ಬ ಇಳಿದು ಕುಸಿದರೆ ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೇ ಹೀಗೆ ಜೀವಗಳು ಹೋಗಿವೆ. ರಕ್ಷಣಾ ಸಾಧನವಿಲ್ಲದೆ ಚರಂಡಿ, ಮಲಗುಂಡಿಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಗುತ್ತಿಗೆದಾರ ಕಳಿಸಿದ ಆಳು, ನಮಗೆ ಸಂಬಂಧವಿಲ್ಲ ಎಂದು ಕೈ ತೊಳೆದುಕೊಳ್ಳುವ ಯೋಚನೆಯೇ ಬೇಡ. ಹೀರು ಯಂತ್ರವಿರುವ ಗಾಡಿ ತರಿಸಿ. ದುಬಾರಿಯಾದರೂ ಅದನ್ನೇ ತರಿಸಿ.

ಕೆರೆ ಪಕ್ಕದವರಿಗೆ ಮಳೆಗಾಲ ಇನ್ನೊಂದು ಪರೀಕ್ಷೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ನಿಮ್ಮ ವಿದ್ಯುತ್ ಪ್ಯಾನೆಲ್, ಜನರೇಟರ್ ನೆಲಮಾಳಿಗೆಯಲ್ಲಿದ್ದರೆ ಅವನ್ನು ಮೇಲೆ ತರುವ ಕೆಲಸವನ್ನು ಮುಂದಿನ ಬಜೆಟ್ಟಿಗೆ ಸೇರಿಸಿ. ನೀರೆತ್ತುವ ಪಂಪ್ ಒಂದಲ್ಲ, ಎರಡಿರಲಿ. ನೀರು ನುಗ್ಗುವ ಸೂಚನೆ ಕಂಡರೆ ಲಿಫ್ಟುಗಳನ್ನು ಮೇಲಿನ ಮಹಡಿಗೆ ಒಯ್ದು ಆರಿಸಿಡಿ, ಏಕೆಂದರೆ ಮೊದಲು ತುಂಬುವುದು ಲಿಫ್ಟಿನ ಗುಂಡಿ. ಮಳೆನೀರು ಸಂಗ್ರಹ ಬೆಂಗಳೂರಿನಲ್ಲಿ ಕಡ್ಡಾಯ. ಆದರೆ ಕೆರೆಯ ಪಕ್ಕ ಅಂತರ್ಜಲ ಮೇಲೇ ಇರುವುದರಿಂದ ಇಂಗುಗುಂಡಿ ಬೇಗ ತುಂಬಿಕೊಳ್ಳುತ್ತದೆ. ತಾರಸಿ ನೀರನ್ನು ಸೋಸಿ ಸಂಪ್‌ಗೆ ತುಂಬಿಸುವುದೇ ಇಲ್ಲಿ ಲಾಭ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 1,000 ಚದರ ಮೀಟರ್ ತಾರಸಿಯಿಂದ ಎಂಟು ಲಕ್ಷ ಲೀಟರಿನಷ್ಟು ನೀರು ಸಿಗುತ್ತದೆ.

ಉಳಿದ ಸೌಕರ್ಯಗಳ ಮಾತು ಚಿಕ್ಕದು. ಲಿಫ್ಟಿಗೆ 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಡಿ ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಬೇಕು. ಈಜುಕೊಳದ ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಲಿ. ಕೊಳ ಖಾಲಿ ಮಾಡುವಾಗ ಕ್ಲೋರಿನ್ ನೀರನ್ನು ರಾಜಕಾಲುವೆಗೆ ಬಿಡಬೇಡಿ. ಕ್ಲೋರಿನ್ ಹಾಕುವುದನ್ನು ಕೆಲವು ದಿನ ನಿಲ್ಲಿಸಿ, ಬಿಸಿಲಿಗೆ ಅದು ಇಳಿದ ಮೇಲೆ ತೋಟಕ್ಕೆ ಹಾಯಿಸಿ. ಕೆರೆಯತ್ತ ಮುಖ ಮಾಡಿದ ಫ್ಲಡ್‌ಲೈಟುಗಳನ್ನು ನೆಲದತ್ತ ತಿರುಗಿಸಿ. ಹಕ್ಕಿಗಳಿಗೂ ರಾತ್ರಿ ಬೇಕು.

ಹಿಂದೆ ಈ ಕೆರೆಗಳ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ನಿಮ್ಮ ಸಮಿತಿಯಲ್ಲೂ ನೀರಿಗೆಂದೇ ಒಬ್ಬರನ್ನು ಹೊಣೆ ಮಾಡಿ. ಬೋರ್‌ವೆಲ್, ಟ್ಯಾಂಕರ್, ಎಸ್‌ಟಿಪಿ, ಮಳೆನೀರು ನಾಲ್ಕೂ ಒಬ್ಬರ ಪುಸ್ತಕದಲ್ಲಿದ್ದರೆ ಸೋರಿಕೆ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ.

ಕಾಗದಪತ್ರಗಳು ಎಲ್ಲಿ ಸಿಗುತ್ತವೆ? ಮಂಜೂರಾದ ನಕ್ಷೆ, ಸಾಮಾನ್ಯ ಜಾಗದ ವಿವರ, ಎಸ್‌ಟಿಪಿಯ ವಿನ್ಯಾಸ ಇವನ್ನು ಬಿಲ್ಡರ್ ಕೊಡಬೇಕು. ಸ್ಥಳೀಯ ಕಾನೂನು ಇಲ್ಲದಿದ್ದರೆ, ಕಾಮಗಾರಿ ಮುಕ್ತಾಯ ಪ್ರಮಾಣಪತ್ರ ಬಂದ 30 ದಿನದೊಳಗೆ ದಾಖಲೆ ಒಪ್ಪಿಸಬೇಕೆಂದು ರೇರಾ ಎಂಬ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಹೇಳುತ್ತದೆ. ಯೋಜನೆ ನೋಂದಣಿಯಾಗಿದ್ದರೆ ಅದರ ವಿವರ ಕರ್ನಾಟಕ ರೇರಾ ಜಾಲತಾಣದಲ್ಲೂ ಸಿಗುತ್ತದೆ. ಎಸ್‌ಟಿಪಿ ನಡೆಸುವ ಒಪ್ಪಿಗೆ ಪತ್ರಕ್ಕೆ ಅವಧಿ ಇರುತ್ತದೆ. ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಯಲ್ಲಿ ನವೀಕರಿಸಬೇಕು. ಕೊನೆಯದಾಗಿ, ಮನೆ ಒಪ್ಪಿಸಿದ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕಾಮಗಾರಿಯಲ್ಲಿ ಕಂಡ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ 30 ದಿನದೊಳಗೆ ಸರಿಪಡಿಸಬೇಕು. ಎಸ್‌ಟಿಪಿ ನಿಮ್ಮ ಜನಸಂಖ್ಯೆಗೆ ಸಾಲುತ್ತದೆಯೇ ಎಂಬ ತಪಾಸಣೆಯನ್ನು ಸ್ವತಂತ್ರ ಪರಿಣತರಿಂದ ಈ ಐದು ವರ್ಷದೊಳಗೇ ಮಾಡಿಸಿ, ದೂರನ್ನು ಬರಹದಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.