ಮಗನ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್?

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಾಗ ನಿಮ್ಮಲ್ಲಿ ಹಲವರಂತೆ ನಮ್ಮ ಮನೆಯಲ್ಲೂ ಅದೇ ಪ್ರಶ್ನೆ: ಮಗನ ಗೇಮಿಂಗ್ ಲ್ಯಾಪ್‌ಟಾಪ್ ಗುಜರಿಗೋ, ಲಿನಕ್ಸಿಗೋ? ಸದಾ ಹೊಸದಾಗುತ್ತಲೇ ಇರುವ ‘ರೋಲಿಂಗ್’ ಲಿನಕ್ಸೇ ಬೇಕು, ಅದರಲ್ಲೂ ಆರ್ಚ್ ಎಂದು ಅವನ ಹಟ.

ತೊಡಕಿರುವುದು ಎನ್ವಿಡಿಯಾ ಜಿಟಿಎಕ್ಸ್ 1060 ಕಾರ್ಡಿನಲ್ಲಿ. ಕರ್ನಲ್ ಬದಲಾದಾಗಲೆಲ್ಲ ಡ್ರೈವರೂ ಅದಕ್ಕೆ ಹೊಂದಬೇಕು, ಇಲ್ಲವಾದರೆ ಪರದೆ ಕಪ್ಪು. ಸಾಲದ್ದಕ್ಕೆ ಡಿಸೆಂಬರ್‌ನಲ್ಲಿ ಆರ್ಚ್‌ಗೆ ಬಂದ 590 ಡ್ರೈವರು ಈ ಕಾರ್ಡನ್ನು ಕೈಬಿಟ್ಟಿತು. ಹಳೆಯ 580 ಅನ್ನು ನಾವೇ ಹಾಕಿಕೊಳ್ಳಬೇಕು. ಭಾನುವಾರ ಕನ್ನಡ ತರಗತಿಗೆ ಐದು ನಿಮಿಷವಿರುವಾಗ ಈ ಉಸಾಬರಿ ಯಾರಿಗೆ ಬೇಕು!

ನಾನು ಆರಿಸಿದ್ದು ಓಪನ್‌ಸೂಸೆ ಟಂಬಲ್‌ವೀಡ್. ಅದೂ ರೋಲಿಂಗೇ. ಆದರೆ ಪ್ರತಿ ಅಪ್‌ಡೇಟಿಗೆ ಮುನ್ನ ಇದ್ದ ಸ್ಥಿತಿಯನ್ನು ಉಳಿಸಿಡುತ್ತದೆ. ಕೆಟ್ಟರೆ ಬೂಟ್ ಪಟ್ಟಿಯಲ್ಲಿ ಹಿಂದಿನದನ್ನು ಆರಿಸಿದರಾಯಿತು. ಆದರೂ ಶನಿವಾರ ರಾತ್ರಿ ಅಪ್‌ಡೇಟ್ ಮಾಡಬೇಡ ಎಂದಿದ್ದೇನೆ ಮಗನಿಗೆ.